ನಾಯ್ಕಾಪಿನ ಬಾಣ

ಮೊದಲು ಕಂದು ಬಣ್ಣ, ಎರಡು ಕೋಟು.
ಒಣಗಿದ ಮೇಲೆ ಬಿಳಿ.
ಮೇಲೆ ಮಲಯಾಳ, ನಡುವೆ ಇಂಗ್ಲಿಷು,
ಕೆಳಗೆ ಕನ್ನಡಕ್ಕೆ ಉಳಿಯುವುದು ನಾಲ್ಕು ಬೆರಳು.
ಅಷ್ಟರಲ್ಲಿ ಚಂದ್ರಗಿರಿಯ ಒತ್ತು ತೂಗಬೇಕು,
ಕಣ್ವತೀರ್ಥದ ಬಾಲ
ತಗಡಿನಿಂದ ಹೊರಗೆ ಬೀಳಬಾರದು.
ಬೇಕಲ ಸಾಧು. ಮೂರೇ ಅಕ್ಷರ,
ಒತ್ತಿಲ್ಲ, ತಕರಾರಿಲ್ಲ.

ಹತ್ತೊಂಬತ್ತು ವರ್ಷ
ಇಲಾಖೆಯ ಜೀಪಿನ ತಲೆಗೆ ಏಣಿ ಕಟ್ಟಿಕೊಂಡು
ತಲಪಾಡಿಯಿಂದ ತೃಕ್ಕರಿಪುರದ ತನಕ
ನೋಡತಕ್ಕದ್ದು ಯಾವುದು, ಎಲ್ಲಿ ಉಂಟು, ಎಷ್ಟು ದೂರ
ಅಂತ ಬರೆದವನು ನಾನು.
ಬೇಕಲ ಕೋಟೆಗೇ ಮೂವತ್ತೊಂದು ಬೋರ್ಡು.
ಕೋಟೆಯ ಒಳಗೆ ಹೋದದ್ದು ಒಮ್ಮೆ,
ಅದೂ ಕಕ್ಕಸಿನ ಬಾಗಿಲಿಗೆ 'ಹೆಂಗಸರು' ಬರೆಯಲಿಕ್ಕೆ.
ಕಡಲು ಆ ಕಡೆ ಉಂಟಂತೆ. ಸದ್ದು ಕೇಳಿತು.
ರಾಣಿಪುರಂ ನನಗೆ ನಾಲ್ಕಕ್ಷರ, ಒಂದು ಸೊನ್ನೆ.
ಪೊಸಡಿಗುಂಪೆ ಅಂದರೆ
ಬಿಳಿ ಬಣ್ಣವನ್ನು ಅಂಗಿಗೆ ಹಾರಿಸಿದ ಗಾಳಿ.

ನಾಯ್ಕಾಪಿನಲ್ಲಿ ಆದದ್ದು ಹೀಗೆ.
ಹೊತ್ತು ಇಳಿದಿತ್ತು. ಏಣಿ ಹಿಡಿಯುವ ಐತಪ್ಪನಿಗೆ
ಕಡೆಯ ಬಸ್ಸಿನ ಗಡಿಬಿಡಿ.
ಓವರ್ಸಿಯರ್ ಕುಂಞಿಕಣ್ಣನ್ ಫೋನಿನಲ್ಲಿ.
ಕೆರೆಯ ನಡುವಿನ ದೇವಸ್ಥಾನ ಬಲಕ್ಕೆ.
ನಾನು ಬಾಣ ಎಳೆದದ್ದು ಎಡಕ್ಕೆ.

ಐದನೆಯ ದಿನ ಕರೆ ಬಂತು,
ಮಾತು ಮಲಯಾಳದಲ್ಲಿ, ಬೈಗಳು ಮಾತ್ರ ತುಳುವಿನಲ್ಲಿ.

ಸರಿಮಾಡಲಿಕ್ಕೆ ಹೋದವನು
ನನ್ನ ಬಾಣದ ಹಿಂದೆಯೇ ನಡೆದೆ,
ಎಲ್ಲಿಗೆ ಮುಟ್ಟಿಸುತ್ತದೆ ನೋಡುವ ಅಂತ.
ಕರಿ ಹಿಡಿದ ಪಾರೆ, ಮುಳಿಹುಲ್ಲು, ಗೇರು,
ಕೆಂಪುಕಲ್ಲು ಕಡಿದ ಹೊಂಡ, ಹೊಂಡದಲ್ಲೊಂದು ಕೊಳೆತ ಚೆಂಡು.
ದಾರಿ ಮುಗಿಯುವಲ್ಲಿ ಆಸ್ಯಮ್ಮನ ಜಾಲು.
ಜಾಲಿನಲ್ಲಿ ಮೂರು ಕಾರು.

ಬೀಡಿಯ ತಡ್ಪೆಯನ್ನು ತೊಡೆಯಿಂದ ಇಳಿಸದೆ ಹೇಳಿದಳು:
'ಮೊಸಳೆ ಎಲ್ಲಿ ಅಂತ ಕೇಳ್ತಾರೆ.
ಮೊಸಳೆ ಇಲ್ಲ, ಸುರಂಗ ಉಂಟು ಅಂದೆ.'

ಗಂಡನ ಅಜ್ಜ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದದ್ದು.
ಮೇಣದ ಬತ್ತಿ ಸಣ್ಣಗಾದರೆ ಹಿಂದೆ ಬರುವುದು,
ಉರಿದರೆ ಇನ್ನೊಂದು ಮೊಳ.
ನೂರ ಹದಿನೆಂಟನೆಯ ಮೊಳದಲ್ಲಿ ಕಲ್ಲು ಬೆವರಿತಂತೆ.
ಈಗ ಮಕ್ಕಳಿಬ್ಬರು, ಸಫ್ವಾನ್ ಮತ್ತು ರುಕಿಯಾ,
ಕೊಯಮತ್ತೂರಿನವರನ್ನು ಬಗ್ಗಿಸಿ ಒಳಗೆ ಕರಕೊಂಡು ಹೋಗುತ್ತಿದ್ದರು.
ತಲೆಗೆ ಹತ್ತು ರೂಪಾಯಿ. ಬಾವಲಿಗೆ ಬೇರೆ ಇಲ್ಲ.
ಮೊಣಕಾಲಿನವರೆಗೆ ಒದ್ದೆಯಾದ ಒಬ್ಬಳು ಹೊರಗೆ ಬಂದು
ಏನೂ ಹೇಳದೆ ಕಲ್ಲಿನ ಮೇಲೆ ಕೂತಳು,
ಬೊಗಸೆಯಲ್ಲಿ ತಂದ ನೀರು
ಬೆರಳ ಸಂದಿನಿಂದ ಇಳಿಯುವುದನ್ನೇ ನೋಡುತ್ತ.

ನಾನೂ ಹೋದೆ. ಹತ್ತು ರೂಪಾಯಿ ಕೊಟ್ಟೇ.
ಕತ್ತಲಿಗೆ ಬೋರ್ಡಿಲ್ಲ. ಎಡ ಬಲ ಇಲ್ಲ.
ಬೆನ್ನಿಗೆ ಗುಡ್ಡ ತಾಗುತ್ತದೆ, ಕಾಲಿಗೆ ತಣ್ಣಗೆ,
ಮುಂದೆಲ್ಲೋ ಒಂದು ಹನಿ.
ಸ್ವಲ್ಪ ಯೋಚಿಸಿ ಮತ್ತೊಂದು.
ಇದನ್ನು ಎಷ್ಟು ಕಿಲೋಮೀಟರೆಂದು ಬರೆಯಲಿ?

'ಬಾಣ ತಿರುಗಿಸಲಿಕ್ಕುಂಟು' ಅಂದೆ, ಹೊರಗೆ ಬಂದು, ನೆಲ ನೋಡಿ.
'ತಿರುಗಿಸಿ' ಅಂದಳು. 'ದೇವರ ದಾರಿ ಅಲ್ಲವಾ.'
ಎಲೆ ಕತ್ತರಿಸಿದಳು, ಹುಡಿ ತುಂಬಿದಳು, ನೂಲು ಸುತ್ತಿದಳು.
'ಬರುವ ವಾರಕ್ಕೆ ಆಗದಾ?'

ಬರುವ ವಾರ ತಿರುಗಿಸಿದೆ.
ತಡವಾದದ್ದು ಯಾಕೆಂಬಲ್ಲಿ 'ಮಳೆ' ಎಂದು ಬರೆದೆ.
ಮಾರ್ಚಿ ತಿಂಗಳು. ಕುಂಞಿಕಣ್ಣನ್ ಓದಿ, ನನ್ನನ್ನು ನೋಡಿ,
ಸಹಿ ಹಾಕಿದರು.

ಈಗ ರಸ್ತೆ ಅಗಲವಾಗಿದೆ.
ಅಕ್ಷರ ಯಂತ್ರದ್ದು, ರಾತ್ರಿಯೂ ಹೊಳೆಯುತ್ತದೆ.
ಕನ್ನಡ ಕೆಲವು ಕಡೆ ಉಂಟು;
ಕೆಲವು ಕಡೆ ಒತ್ತು ಕಳಚಿಕೊಂಡು
ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ ಪಕ್ಕದಲ್ಲಿ ನಿಂತಿದೆ.
ನನ್ನ ತಗಡುಗಳನ್ನು ಗುಜರಿಗೆ ತೂಗಿದರು.

ಒಂದು ಮಾತ್ರ ಆಸ್ಯಮ್ಮನ ಆಡಿನ ಗೂಡಿಗೆ ಬಾಗಿಲು.
ಅನಂತಪುರ. ನನ್ನದೇ ಕೈ.
ತಲೆಕೆಳಗಾಗಿ ಜಡಿದಿದ್ದಾರೆ, ಹಾಗಾಗಿ ಕನ್ನಡ ಮೇಲೆ,
ಬಲಕ್ಕೆ ತಿದ್ದಿದ ಬಾಣ ಮತ್ತೆ ಎಡಕ್ಕೆ.
ಆಡು ನೆಕ್ಕಿ ನೆಕ್ಕಿ
ಕಿಲೋಮೀಟರು ಹೋಗಿದೆ.